ಬೀಗದ ಕೈ ಯಾರ ಹತ್ತಿರ ಇದೆ ಅಂತ ಬರೆದಿರಾ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಒಬ್ಬರು "ಅಭಿಪ್ರಾಯ ಬರೆಯೋರು ಜಾಸ್ತಿ ಆಗಿದ್ದಾರೆ, ಇಷ್ಟೊಂದು ಬರೆದು ಏನು ಮಾಡ್ತಾರೆ?" ಅಂತ ಕೇಳಿದ್ದರು. ನಾನು ಎರಡೇ ಸಾಲಿನಲ್ಲಿ ಉತ್ತರ ಮುಗಿಸಿದ್ದೆ. ಆಮೇಲೆ ಅದರ ಬಗ್ಗೆಯೇ ಪತ್ರದ ಮೇಲೆ ಪತ್ರ ಬಂತು. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ. ಆರೋಗ್ಯ, ಕೆಲಸ, ಮನೆಯ ವಿಷಯ ಕೇಳಿದವರು ಇನ್ನೊಂದು ತಿಂಗಳು ಕಾಯಬೇಕು, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೇನೆ. ಹಾಸ್ಟೆಲ್ ಊಟ, ನಮ್ಮೂರ ರಸ್ತೆ, ಫಲಿತಾಂಶ ತಡ ಆಗೋದು, ಎಲ್ಲದರ ಬಗ್ಗೆಯೂ ಹೇಳಬೇಕು ಅನ್ನಿಸುತ್ತದೆ. ಪೆನ್ನು ಹಿಡಿದ ತಕ್ಷಣ "ನಾನು ಬರೆದರೆ ಏನು ಬದಲಾಗುತ್ತೆ" ಅಂತ ಹಾಳೆ ಮಡಚಿ ಇಟ್ಟುಬಿಡುತ್ತೇನೆ. ನಿಜವಾಗಿ ಜನ ಯಾಕೆ ಬರೆಯುತ್ತಾರೆ?
ವಿದ್ಯಾರ್ಥಿನಿ, ತುಮಕೂರು

ಉತ್ತರ: ನನ್ನ ಮಗಳ ವಯಸ್ಸಿನವಳು ನೀನು, ಅದಕ್ಕೇ ಏಕವಚನದಲ್ಲಿ ಬರೆಯುತ್ತಿದ್ದೇನೆ.

ನಾನು ಪಿಯುಸಿಗೆ ಹಳ್ಳಿಯಿಂದ ತಾಲ್ಲೂಕು ಕೇಂದ್ರಕ್ಕೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ವಾಪಸ್ ಬರುವಾಗ ಸಂಜೆ ಆರು. ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರಿಗೆ ಅಂತ ಒಂದು ಶೌಚಾಲಯ ಇತ್ತು. ಅದಕ್ಕೆ ಸದಾ ಬೀಗ. ಕಾಲೇಜಿನಲ್ಲಿದ್ದದ್ದಕ್ಕೆ ನೀರಿರಲಿಲ್ಲ. ನಾವು ಹುಡುಗಿಯರೆಲ್ಲ ಬೆಳಿಗ್ಗೆಯಿಂದ ನೀರೇ ಕುಡಿಯದೆ ಇರೋದನ್ನು ಅಭ್ಯಾಸ ಮಾಡಿಕೊಂಡಿದ್ದೆವು. ಬೇಸಿಗೆಯಲ್ಲಿ ತಲೆನೋವು ಬರುತ್ತಿತ್ತು, ಉರಿಮೂತ್ರ ಆಗುತ್ತಿತ್ತು, ಅದನ್ನು ಅಮ್ಮನ ಹತ್ತಿರವೂ ಹೇಳುತ್ತಿರಲಿಲ್ಲ. ಒಂದು ದಿನ ಸಿಟ್ಟು ತಡೆಯಲಾರದೆ ಒಂದು ಪತ್ರಿಕೆಗೆ ಪತ್ರ ಬರೆದೆ. ಎರಡು ಪುಟ ಬರೆದಿದ್ದೆ, ನಾಲ್ಕು ಸಾಲು ಅಚ್ಚಾಯಿತು. ಇದು ಮಹಿಳೆಯರಿಗೆ ಮಾಡುವ ಅವಮಾನ, ಸಮಾಜ ತಲೆತಗ್ಗಿಸಬೇಕು, ಸಂಬಂಧಪಟ್ಟವರು ಇತ್ತ ಗಮನ ಹರಿಸಲಿ. ಅಷ್ಟೇ. ಹೆಸರು ಅಚ್ಚಾಗಿದ್ದಕ್ಕೆ ಖುಷಿಯಾಗಿತ್ತು. ಬೀಗ ಮಾತ್ರ ಹಾಗೇ ಇತ್ತು.

ಬಸ್ ಸ್ಟ್ಯಾಂಡಿನ ಬಾಗಿಲಲ್ಲಿ ಹೂವು ಮಾರುವ ಒಬ್ಬ ಅಮ್ಮ ಇದ್ದರು. ಅವರಿಗೆ ಓದೋಕೆ ಬರುತ್ತಿರಲಿಲ್ಲ. ಯಾರೋ ಹುಡುಗರ ಕೈಲಿ ನನ್ನ ಪತ್ರ ಓದಿಸಿಕೊಂಡಿದ್ದರಂತೆ. ನನ್ನನ್ನು ಕರೆದು, ಕನಕಾಂಬರ ಕಟ್ಟುತ್ತಲೇ ಕೇಳಿದರು: "ಸಂಬಂಧಪಟ್ಟವರು ಅಂದ್ರೆ ಯಾರವ್ವ? ಬೀಗದ ಕೈ ಯಾರ ತಾವ ಐತೆ ಅಂತ ನೀನು ಬರೀಲೇ ಇಲ್ವಲ್ಲ."

ನನಗೆ ಗೊತ್ತಿರಲಿಲ್ಲ. ಬರೆಯುವ ಮೊದಲು ಅದನ್ನು ಕೇಳಬೇಕು ಅಂತಲೇ ಹೊಳೆದಿರಲಿಲ್ಲ. ಅವರೇ ಹೇಳಿದರು, ಕೀ ಕಂಟ್ರೋಲರ್ ರೂಮಿನಲ್ಲಿ ಕ್ಯಾಲೆಂಡರ್ ಹಿಂದಿನ ಮೊಳೆಗೆ ನೇತುಹಾಕಿರುತ್ತೆ, ಕೇಳಿದರೆ ಕೊಡುತ್ತಾರೆ, ಕೇಳೋರೇ ಇಲ್ಲ. ನಾನು ಹೋಗಿ ನೋಡಿದೆ. ಸಣ್ಣ ಕೋಣೆ. ಒಳಗೆ ಐದಾರು ಗಂಡಸರು, ಡ್ರೈವರ್‌ಗಳು, ಕಂಡಕ್ಟರ್‌ಗಳು, ಟೀ ಕುಡಿಯುತ್ತಾ ಕೂತಿದ್ದರು. ಕೀ ಕೇಳೋಕೆ ಹೋದ ನಾನು ಮೈಸೂರು ಬಸ್ ಎಷ್ಟೊತ್ತಿಗೆ ಅಂತ ಕೇಳಿ ವಾಪಸ್ ಬಂದೆ.

ಆವತ್ತು ರಾತ್ರಿ ಎರಡನೇ ಪತ್ರ ಬರೆದೆ. ಅದರಲ್ಲಿ ಸಮಾಜ ಇರಲಿಲ್ಲ, ಅವಮಾನ ಅನ್ನೋ ಮಾತೂ ಇರಲಿಲ್ಲ. ಕೀ ಎಲ್ಲಿದೆ, ಅದನ್ನು ಪಡೆಯಲು ಒಬ್ಬ ಹುಡುಗಿ ಯಾರ ಮುಂದೆ ನಿಂತು ಕೇಳಬೇಕು, ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ನಾನು ಎಣಿಸಿದ ಹಾಗೆ ಎಷ್ಟು ಹುಡುಗಿಯರು ಬಸ್ಸಿಳಿದರು, ಅಷ್ಟೇ. ಒಂದೂ ಸಾಲು ಕತ್ತರಿಸದೆ ಹಾಕಿದರು. ಒಂದು ತಿಂಗಳೊಳಗೆ ಬೀಗ ಹೋಯಿತು, ಬೆಳಗಿನ ಹೊತ್ತು ಅಲ್ಲಿ ಒಬ್ಬ ಹೆಂಗಸನ್ನು ಕೂರಿಸಿದರು. ನನ್ನ ಪತ್ರದಿಂದಲೇ ಹಾಗಾಯಿತು ಅಂತ ಹೇಳೋಕೆ ನನ್ನ ಹತ್ತಿರ ಪುರಾವೆ ಇಲ್ಲ. ಆದರೆ ನನಗೆ ಬೇರೆಯದೇ ಒಂದು ವಿಷಯ ತಿಳಿಯಿತು. ಕಷ್ಟ ಇದ್ದದ್ದು ಬೀಗದಲ್ಲಿ ಅಲ್ಲ, ಕೀ ಕೇಳೋದರಲ್ಲಿ. ಎರಡು ವರ್ಷ ದಿನಾ ಅನುಭವಿಸಿದ್ದು ನನಗೆ ಅರ್ಥವಾದದ್ದು ಬರೆಯುವಾಗಲೇ. ಜನ ಯಾಕೆ ಬರೆಯುತ್ತಾರೆ ಅಂತ ಕೇಳಿದೆಯಲ್ಲ, ನನ್ನ ಮಟ್ಟಿಗೆ ಮೊದಲ ಉತ್ತರ ಇದೇ. ತಲೆಯೊಳಗೆ ಇರುವಾಗ ಅದು ಬರೀ ಸಿಟ್ಟು. ಹಾಳೆ ಮೇಲೆ ಇಳಿಸುವಾಗ ಅದು ಯಾತಕ್ಕೆ ಬಂದ ಸಿಟ್ಟು ಅಂತ ಗೊತ್ತಾಗುತ್ತದೆ.

"ಏನು ಬದಲಾಗುತ್ತೆ" ಅನ್ನೋ ಮಾತಿಗೆ ಇನ್ನೊಂದು, ತುಂಬ ದೊಡ್ಡ ಉದಾಹರಣೆ ಹೇಳುತ್ತೇನೆ. ಕಾಸರಗೋಡಿನ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನೋ ಕೀಟನಾಶಕ ಸಿಂಪಡಿಸುತ್ತಿದ್ದರು. ಅದೇ ಕಡೆಯ ಪಡ್ರೆ ಗ್ರಾಮದ ಶ್ರೀಪಡ್ರೆಯವರು ಕೃಷಿಕರು, ಪತ್ರಕರ್ತರೂ ಹೌದು. ಕೈಕಾಲು ಸೊಟ್ಟಗಾಗಿ ಹುಟ್ಟುತ್ತಿದ್ದ ಕರುಗಳನ್ನು ಕಂಡು, ಇದಕ್ಕೂ ಮೇಲಿಂದ ಸುರಿಯುವ ವಿಷಕ್ಕೂ ಸಂಬಂಧ ಇರಬಹುದಾ ಅಂತ ಅವರು ಬರೆದದ್ದು ಎಂಬತ್ತರ ದಶಕದ ಆರಂಭದ ಹೊತ್ತಿಗೆ. ಆಮೇಲೆ ಅದೇ ಊರಿನ ವೈದ್ಯರೊಬ್ಬರು ತಮ್ಮ ಹತ್ತಿರ ಬರುವ ಕಾಯಿಲೆಗಳನ್ನು ಗಮನಿಸಿ ಬರೆದರು. ಸಿಂಪಡಣೆ ನಿಂತದ್ದು 2000ದ ಕೊನೆಗೆ. ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಎಂಡೋಸಲ್ಫಾನ್ ತಯಾರಿಕೆ, ಮಾರಾಟ, ಬಳಕೆಗೆ ತಡೆ ಕೊಟ್ಟದ್ದು 2011ರ ಮೇ 13ರಂದು. ಮಧ್ಯೆ ಮೂವತ್ತು ವರ್ಷ. ಆ ಮೂವತ್ತು ವರ್ಷದಲ್ಲಿ ಎಷ್ಟು ಮಕ್ಕಳು ಹಾಸಿಗೆ ಹಿಡಿದವು ಅಂತ ನೆನೆದರೆ ಹೊಟ್ಟೆ ಕಿವುಚಿದ ಹಾಗಾಗುತ್ತದೆ. ಬರೆದ ತಕ್ಷಣ ಎಲ್ಲ ಸರಿಹೋಗುತ್ತೆ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಮೊದಲು ಕಂಡವರು "ನಾನು ಬರೆದರೆ ಏನಾಗುತ್ತೆ" ಅಂತ ಹಾಳೆ ಮಡಚಿ ಇಟ್ಟಿದ್ದರೆ, ಆಮೇಲೆ ಬಂದ ಹೋರಾಟಗಾರರಿಗೆ, ವಕೀಲರಿಗೆ, ವಿಜ್ಞಾನಿಗಳಿಗೆ ಕೈಯಲ್ಲಿ ಹಿಡಿಯೋಕೆ ಏನಿರುತ್ತಿತ್ತು ಹೇಳು.

ಹಾಸ್ಟೆಲ್ ಊಟದ ಬಗ್ಗೆ ಬರೀ. ಆದರೆ ಮೊದಲು ಒಂದು ಹದಿನೈದು ದಿನ, ಯಾವತ್ತು ಏನು ಬಡಿಸಿದರು, ಎಷ್ಟು ಗಂಟೆಗೆ, ಎಷ್ಟು ಜನ ತಟ್ಟೆಯಲ್ಲೇ ಬಿಟ್ಟು ಎದ್ದರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕು. ಅಡುಗೆಯವರನ್ನೂ ಮಾತಾಡಿಸು. ಅವರಿಗೆ ದಿನಕ್ಕೆ ಎಷ್ಟು ಬೇಳೆ ಕೊಡುತ್ತಾರೆ ಅಂತ ಕೇಳು. ಬೀಗದ ಕೈ ಅಲ್ಲೂ ಒಂದು ಮೊಳೆಗೆ ನೇತಾಡುತ್ತಿರುತ್ತದೆ.

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ. ವಾರಕ್ಕೆ ಎರಡಾದರೂ ಪತ್ರ ಪತ್ರಿಕೆಗಳಿಗೆ ಕಳಿಸುತ್ತೇನೆ. ಒಂದು ವರ್ಷದಲ್ಲಿ ಪ್ರಕಟವಾದದ್ದು ಎರಡೇ. ಮನೆಯವರು "ಸುಮ್ನೆ ಯಾಕೆ ಬರೀತೀರಿ" ಅನ್ನುತ್ತಾರೆ. ಇದೆಲ್ಲ ವ್ಯರ್ಥವೇ?
ಓದುಗರು, ಹಾವೇರಿ

ಉತ್ತರ: ಮೇಷ್ಟ್ರೇ, ಮೊದಲು ವ್ಯವಹಾರದ ಮಾತು ಮುಗಿಸಿಬಿಡೋಣ. ನೀವು ಜೊತೆಗೆ ಕಳಿಸಿದ ಮೂರೂ ಪತ್ರ ಓದಿದೆ. ಒಂದೊಂದರಲ್ಲೂ ನಾಲ್ಕು ವಿಷಯ ಇದೆ. ಕೆರೆ ಹೂಳು, ಶಿಕ್ಷಕರ ಖಾಲಿ ಹುದ್ದೆ, ಯುವಕರ ಮೊಬೈಲ್ ಚಟ, ಕೊನೆಗೆ ದೇಶದ ಭವಿಷ್ಯ. ಪತ್ರ ಆರಿಸುವವರ ಮುಂದೆ ದಿನಾ ಒಂದು ರಾಶಿ ಇರುತ್ತದೆ, ಜಾಗ ಇರೋದು ಅಂಗೈಯಷ್ಟು. ಮಾಹಿತಿ ಹಕ್ಕಿನ ಅರ್ಜಿ ಹಾಕಿದವರಿಗೆ ಗೊತ್ತಿರುತ್ತದೆ, ನಮ್ಮ ರಾಜ್ಯದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಆ ನಿಯಮದ ಬಗ್ಗೆ ನನಗೆ ತಕರಾರಿದೆ, ಪ್ರಶ್ನೆ ಕೇಳುವವರ ಬಾಯಿ ಕಟ್ಟುವ ಹಾಗಿದೆ ಅದು. ಆದರೆ ಓದುಗರ ಪತ್ರಕ್ಕೆ ಆ ಅಳತೆ ಚೆನ್ನಾಗಿ ಹೊಂದುತ್ತದೆ. ಕೆರೆ ಹೂಳಿನ ಬಗ್ಗೆ ನೀವು ಬರೆದ ಆರು ಸಾಲು ತುಂಬ ಚೆನ್ನಾಗಿದೆ, ಯಾಕೆಂದರೆ ಅದರಲ್ಲಿ ನೀವು ಹುಡುಗನಾಗಿದ್ದಾಗ ಈಜಿದ ಮೆಟ್ಟಿಲು ಈಗ ಎಷ್ಟನೆಯದರವರೆಗೆ ಮುಚ್ಚಿದೆ ಅಂತ ಲೆಕ್ಕ ಇದೆ. ಅಷ್ಟನ್ನೇ ಕಳಿಸಿ.

ವ್ಯರ್ಥವಾ ಅಂತ ಕೇಳಿದ್ದಕ್ಕೆ ಬೇರೆ ಉತ್ತರ.

ನಮ್ಮ ಅಪ್ಪ ತೆಂಗು, ರಾಗಿ ಬೆಳೆಯುತ್ತಿದ್ದವರು. ನಾಲ್ಕನೇ ಕ್ಲಾಸು. ಅವರು ತೀರಿಕೊಂಡ ಮೇಲೆ ಅಟ್ಟದಲ್ಲಿ ಅವರ ಲೆಕ್ಕದ ಪುಸ್ತಕಗಳು ಸಿಕ್ಕವು. ಉದ್ದನೆಯ ಕೆಂಪು ಬಟ್ಟೆ ರಟ್ಟಿನವು, ಅಂಚು ಇಲಿ ತಿಂದದ್ದು, ಕೊಬ್ಬರಿ ವಾಸನೆ. ಹಾಲು ಇಷ್ಟು ಲೀಟರ್, ಹಿಂಡಿ ಇಷ್ಟು ಮೂಟೆ, ಕೊಬ್ಬರಿ ಇಷ್ಟಕ್ಕೆ ಹೋಯಿತು, ಕೂಲಿ ಇಂತಿಷ್ಟು. ತಿರುವುತ್ತಾ ಹೋದರೆ ಒಂದು ಪುಟದಲ್ಲಿ, ಹಿಂಡಿಯ ಲೆಕ್ಕದ ಕೆಳಗೆ, ಹೀಗಿತ್ತು: "ಇವತ್ತು ಸಭೆಯಲ್ಲಿ ಕೆರೆ ಏರಿ ಮೇಲಿನ ಮರ ಕಡಿಯಲು ಎಲ್ಲರೂ ಒಪ್ಪಿದರು. ನಾನು ಸುಮ್ಮನಿದ್ದೆ. ತಪ್ಪು." ಅಷ್ಟೇ. ಮರುದಿನದಿಂದ ಮತ್ತೆ ಹಾಲು, ಹಿಂಡಿ. ಎರಡು ಪುಟ ಆದಮೇಲೆ ಇನ್ನೊಂದು ಸಾಲು: "ಹೊಂಗೆ ಸಸಿ 6. ಏರಿ ಮೇಲೆ." ಆ ಆರರಲ್ಲಿ ನಾಲ್ಕು ಈಗಲೂ ಇವೆ. ಅದರ ನೆರಳಲ್ಲಿ ಕೂತು ನಾನು ಎಷ್ಟೋ ಸಲ ಬಸ್ಸಿಗೆ ಕಾದಿದ್ದೇನೆ, ಅವನ್ನು ಅಪ್ಪ ನೆಟ್ಟದ್ದು ಅಂತ ಗೊತ್ತೇ ಇರಲಿಲ್ಲ. ಅವರು ಯಾರಿಗೂ ಹೇಳಿರಲಿಲ್ಲ.

ಅಪ್ಪ ಯಾವ ಪತ್ರಿಕೆಗೂ ಬರೆದವರಲ್ಲ. ಆದರೂ "ತಪ್ಪು" ಅಂತ ಬರೆಯದೇ ಇದ್ದಿದ್ದರೆ ಸಸಿ ನೆಡುತ್ತಿದ್ದರಾ ಅಂತ ನಾನು ಆಗಾಗ ಯೋಚಿಸುತ್ತೇನೆ. ಪ್ರಕಟವಾಗದ ಪತ್ರಗಳನ್ನು ಬಿಸಾಡಬೇಡಿ ಮೇಷ್ಟ್ರೇ. ತಾರೀಖು ಹಾಕಿ ಒಂದು ಫೈಲಿನಲ್ಲಿಡಿ. ಬರೆದದ್ದು ಯಾರನ್ನು ಯಾವಾಗ ತಲುಪುತ್ತೆ ಅಂತ ಬರೆದವರಿಗೆ ತಿಳಿಯೋದೇ ಇಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಒಂದು ಶಾಸನ ಇದೆ, ಸುಮಾರು ಕ್ರಿ.ಶ. 949ರದ್ದು. ಅದರಲ್ಲಿ ರಾಜರ ಯುದ್ಧದ ಮಾತೂ ಇದೆ, ಜೊತೆಗೆ ಕಾಳಿ ಅನ್ನೋ ಬೇಟೆನಾಯಿ ದೊಡ್ಡ ಹಂದಿಯ ಜೊತೆ ಕಾದಾಡಿ, ಎರಡೂ ಸತ್ತ ಕತೆಯೂ ಇದೆ. ಆ ನಾಯಿಗಾಗಿ ಕಲ್ಲು ನಿಲ್ಲಿಸಿದರು, ಅದಕ್ಕೆ ಪೂಜೆ ಮಾಡದೆ ಊಟ ಮಾಡಿದರೆ ಪಾಪ ಅಂತಲೂ ಕೆತ್ತಿಸಿದರು. ನಾಯಿಯನ್ನು ಪ್ರೀತಿಸಿದ ಮನುಷ್ಯ ಸತ್ತು ಸಾವಿರ ವರ್ಷ ದಾಟಿತು. ಇವತ್ತಿಗೂ ಅದನ್ನು ಓದಿದಾಗ ನನಗೆ ಗಂಟಲು ಕಟ್ಟುತ್ತದೆ.

ಪ್ರಶ್ನೆ: ನಾನು ಅಡಿಕೆ ಕೃಷಿಕ, ಓದಿದ್ದು ಎಂಟನೇ ತರಗತಿ. ತೋಟದಲ್ಲಿ ಕಂಡದ್ದನ್ನು ಬರೆಯಬೇಕು ಅಂತ ಆಸೆ. ನನ್ನ ಕನ್ನಡ ಪುಸ್ತಕದ ಕನ್ನಡ ಅಲ್ಲ. ತಿಳಿದವರು ಬರೆಯುವಾಗ ನಾವು ಬರೆಯುವುದು ಸರಿಯಾ?
ಕೃಷಿಕರು, ಸುಳ್ಯ

ಉತ್ತರ: ಅಣ್ಣ, ನಿಮ್ಮ ಪಕ್ಕದ ಪುತ್ತೂರಿನಿಂದಲೇ 1988ರಲ್ಲಿ 'ಅಡಿಕೆ ಪತ್ರಿಕೆ' ಶುರುವಾಯಿತು. ಅವರು ಹಿಡಿದ ಮಾತೇ "ಕೃಷಿಕರ ಕೈಗೆ ಲೇಖನಿ". ಬೆಳೆದವರೇ ಬರೆಯಲಿ ಅಂತ. ಮೇಲೆ ಹೇಳಿದ ಶ್ರೀಪಡ್ರೆಯವರು ಅದರ ಸಂಪಾದಕರು. ಕೃಷಿಕರನ್ನು ಕೂರಿಸಿಕೊಂಡು ಬರೆಯೋದನ್ನು ಹೇಳಿಕೊಟ್ಟರು, ಶಿಬಿರ ಮಾಡಿದರು. ಅಲ್ಲಿ ಬಂದ ಎಷ್ಟೋ ಬರಹ ತೋಟದಲ್ಲಿ ನಿಂತು ಮಾತಾಡಿದ ಹಾಗಿರುತ್ತದೆ.

ತಿಳಿದವರು ಬರೆಯುತ್ತಾರೆ, ಸರಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೇಗೆ ಮಾಡಬೇಕು ಅಂತ ಯಾವ ಕೈಪಿಡಿ ತೆಗೆದರೂ ಇದೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಮಳೆಗಾಲಕ್ಕೆ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಆದರೆ ಎರಡನೇ ಸಿಂಪಡಣೆಯ ದಿನ ಬಂದು, ಮಳೆ ಮಾತ್ರ ಒಂಬತ್ತು ದಿನ ಬಿಡದೇ ಹೊಯ್ದರೆ ನೀವು ಏನು ಮಾಡಿದಿರಿ? ಮರ ಹತ್ತುವವರು ಸಿಗದೆ ಹೋದಾಗ? ಸುಣ್ಣ ಹಳೆಯದಾಗಿದ್ದಾಗ? ಇದನ್ನು ಕೈಪಿಡಿ ಹೇಳೋದಿಲ್ಲ. ನಿಮ್ಮ ಹಾಗೇ ಜುಲೈ ತಿಂಗಳಲ್ಲಿ ಜಗಲಿಯಲ್ಲಿ ನಿಂತು ಆಕಾಶ ನೋಡುವ ಇನ್ನೊಬ್ಬರಿಗೆ ಬೇಕಿರೋದು ಅದು. ನಷ್ಟ ಆಗಿದ್ದರೆ ನಷ್ಟ ಅಂತಲೇ ಬರೆಯಿರಿ. ಗೆದ್ದ ಕತೆ ಎಲ್ಲರೂ ಬರೆಯುತ್ತಾರೆ, ಯಾವ ಕೆಲಸ ಮಾಡಿ ಕೈಸುಟ್ಟಿತು ಅಂತ ಬರೆಯುವವರು ಕಡಿಮೆ. ಅದನ್ನು ಓದಿದ ಒಬ್ಬನ ದುಡ್ಡಾದರೂ ಉಳಿಯುತ್ತೆ ಅಲ್ವಾ?

ಭಾಷೆಯ ಬಗ್ಗೆ ಒಂದೇ ಮಾತು. ಬೇಲಿಯಾಚೆ ನಿಂತ ಪಕ್ಕದ ತೋಟದವರಿಗೆ ಹೇಗೆ ಹೇಳುತ್ತೀರೋ ಹಾಗೇ ಬರೆಯಿರಿ. ಕಾಗುಣಿತ ತಿದ್ದೋಕೆ ನಾವು ಇಲ್ಲಿ ಕೂತಿದ್ದೇವೆ. ನಿಮ್ಮ ಕಡೆಯ ಮಾತನ್ನು ಮಾತ್ರ ತಿದ್ದಲು ಬಿಡಬೇಡಿ.

ಪ್ರಶ್ನೆ: ಪತ್ರ ಬರೆಯೋಕೆ ಈಗ ಎಐ ಇದೆ. ವಿಷಯ ಹೇಳಿದರೆ ಒಂದು ನಿಮಿಷದಲ್ಲಿ ಚೆಂದದ ಕನ್ನಡದಲ್ಲಿ ಬರೆದುಕೊಡುತ್ತೆ. ಇನ್ನು ನಾವ್ಯಾಕೆ ಕಷ್ಟಪಡಬೇಕು?
ಓದುಗರು, ಬೆಂಗಳೂರು

ಉತ್ತರ: ಅರ್ಜಿ ಬರೆಸಿಕೊಳ್ಳಿ, ನನ್ನದೇನೂ ಅಡ್ಡಿ ಇಲ್ಲ. ಬರೆಯಲು ಬಾರದ ಎಷ್ಟೋ ಜನಕ್ಕೆ ಅದರಿಂದ ಅನುಕೂಲ ಆಗುತ್ತಿದೆ. ಆದರೆ ಅಭಿಪ್ರಾಯದ ವಿಷಯಕ್ಕೆ ನನ್ನ ಮೊದಲ ಪತ್ರವನ್ನೇ ನೆನಪಿಸಿಕೊಳ್ಳಿ. ಸಮಾಜ ತಲೆತಗ್ಗಿಸಬೇಕು, ಸಂಬಂಧಪಟ್ಟವರು ಗಮನ ಹರಿಸಲಿ, ಇಂಥ ಪತ್ರವನ್ನು ಅದು ನನಗಿಂತ ಚೆನ್ನಾಗಿ ಬರೆದುಕೊಡುತ್ತೆ. ಕಂಟ್ರೋಲರ್ ರೂಮಿನ ಬಾಗಿಲವರೆಗೆ ಹೋಗಿ, ಕೀ ಕೇಳಲಾರದೆ ವಾಪಸ್ ಬಂದವಳು ನಾನು. ಆ ಕೆಲಸವನ್ನು ನೀವೇ ಮಾಡಬೇಕು.

ಪ್ರಶ್ನೆ: ಅಕ್ಕಾ, ನಾನು ಗೃಹಿಣಿ. ಮನೆ, ಮದುವೆ, ಹೆಣ್ಣುಮಕ್ಕಳ ಓದಿನ ಬಗ್ಗೆ ನನಗೆ ಅನ್ನಿಸಿದ್ದನ್ನು ಬರೆಯುತ್ತೇನೆ. ನಮ್ಮ ಹೆಸರು ಹಾಕಿದರೆ ಮನೆಯಲ್ಲಿ, ನೆಂಟರಲ್ಲಿ ಮಾತು ಬರುತ್ತದೆ. ಬೇರೆ ಹೆಸರಿನಲ್ಲಿ ಬರೆದರೆ ಅದು ಮೋಸವಾ?
ಓದುಗರು, ಕಲಬುರಗಿ

ಉತ್ತರ: ಮೋಸ ಅಲ್ಲಮ್ಮ. ಈ ದಾರಿಯಲ್ಲಿ ನಿಮಗಿಂತ ಮೊದಲು ನಡೆದವರು ಬಹಳ ಜನ ಇದ್ದಾರೆ. ಕೊಡಗಿನ ಗೌರಮ್ಮ ತಮ್ಮ ಕತೆಗಳ ಕೆಳಗೆ 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಅಂತ ಹಾಕುತ್ತಿದ್ದರು, ಅಂದರೆ ಗಂಡನ ಹೆಸರಿನ ಹಿಂದೆ ನಿಂತು ಬರೆದರು. 1939ರಲ್ಲಿ ತೀರಿಕೊಂಡಾಗ ಅವರಿಗೆ ಇಪ್ಪತ್ತೇಳು ವರ್ಷ. ಇವತ್ತು ನಾವು ಅವರನ್ನು ಗೌರಮ್ಮ ಅಂತಲೇ ಓದುತ್ತೇವೆ. ತ್ರಿವೇಣಿ ಅಂತ ನಾವೆಲ್ಲ ಓದಿದವರ ಹೆಸರು ಅನಸೂಯಾ ಶಂಕರ್. ವೈದೇಹಿಯವರದು ಇನ್ನೂ ಬೇರೆ ಕತೆ. ಅವರ ನಿಜ ಹೆಸರು ಜಾನಕಿ. ವಾರಪತ್ರಿಕೆಗೆ ಕತೆ ಕಳಿಸಿದ ಮೇಲೆ, ಅದರಲ್ಲಿ ನಿಜವಾಗಿ ನಡೆದ ಘಟನೆ ಇದೆ ಅನ್ನೋ ಕಾರಣಕ್ಕೆ ಪ್ರಕಟಿಸಬೇಡಿ ಅಂತ ಕೇಳಿಕೊಂಡರಂತೆ. ಸಂಪಾದಕರು ಕತೆಯನ್ನು ಬಿಡಲಿಲ್ಲ, ಹೆಸರು ಬದಲಿಸಿ ಹಾಕಿದರು. ಆ ಹೆಸರೇ ಉಳಿಯಿತು.

ಒಂದು ಗೆರೆ ಮಾತ್ರ ನೆನಪಿರಲಿ. ನಿಮ್ಮ ಬದುಕನ್ನು ಕಾಪಾಡಿಕೊಳ್ಳಲು ಬೇರೆ ಹೆಸರು ಬೇಕಾದರೆ ಹಾಕಿಕೊಳ್ಳಿ. ಇನ್ನೊಬ್ಬರಿಗೆ ಕಲ್ಲು ಹೊಡೆದು ಮರೆಯಾಗಲು ಬೇಡ. ನಾದಿನಿಯ ಬಗ್ಗೆ ಬರೆದ ಪ್ಯಾರಾ ಇದೆಯಲ್ಲ, ನೀವು ಕಳಿಸಿದ್ದರಲ್ಲಿ, ಅದನ್ನು ಇನ್ನೊಮ್ಮೆ ಓದಿ. ಆಕೆ ಉತ್ತರ ಕೊಡಲಾರದ ಜಾಗದಲ್ಲಿ ಆಕೆಯ ಬಗ್ಗೆ ಬರೆದಿದ್ದೀರಿ. ಉಳಿದದ್ದೆಲ್ಲ ಚಿನ್ನದಂಥ ಬರಹ. ಮಗಳನ್ನು ಪಿಯುಸಿಗೆ ಸೇರಿಸಲು ಓಲೆ ಮಾರಿದ ಭಾಗವನ್ನು ನಾನು ನಮ್ಮ ಆಫೀಸಿನಲ್ಲಿ ಗಟ್ಟಿಯಾಗಿ ಓದಿದೆ. ಹೆಸರು ನೀವೇ ಆರಿಸಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ನಿಮ್ಮ ನಿಜ ಹೆಸರು ಈ ಕೋಣೆ ದಾಟುವುದಿಲ್ಲ.

ಪ್ರಶ್ನೆ: ಏಳನೇ ತರಗತಿಯ ಮಗಳು ಡೈರಿ ಬರೆದು ಬಟ್ಟೆಗಳ ಕೆಳಗೆ ಬಚ್ಚಿಡುತ್ತಾಳೆ. ಓದಿ ನೋಡಲೇ?
ತಾಯಿ, ಶಿವಮೊಗ್ಗ

ಉತ್ತರ: ಬೇಡ. ಅವಳು ಊಟ ಬಿಟ್ಟರೆ, ನಿದ್ದೆ ಮಾಡದಿದ್ದರೆ, ಪಕ್ಕ ಕೂತು ಮಾತಾಡಿಸಿ. ಡೈರಿ ಮಾತ್ರ ಮುಟ್ಟಬೇಡಿ. ಒಂದು ಸಲ ಅಮ್ಮ ಓದಿದ್ದಾಳೆ ಅಂತ ಗೊತ್ತಾದರೆ ಆಮೇಲೆ ಅಮ್ಮನಿಗೆ ತೋರಿಸುವಂಥದ್ದನ್ನೇ ಬರೆಯುತ್ತಾಳೆ.

ಪ್ರಶ್ನೆ: ಸ್ಥಳೀಯ ವಿಚಾರಗಳ ಬಗ್ಗೆ ನಾನು ಬರೆದಾಗಲೆಲ್ಲ ಬೈಗುಳ ಬರುತ್ತದೆ. ಒಬ್ಬರಂತೂ "ಕೇಸ್ ಹಾಕ್ತೀನಿ" ಅಂದರು. ಸ್ನೇಹಿತರು ನಿಲ್ಲಿಸು ಅನ್ನುತ್ತಾರೆ. ನನಗೂ ಭಯ ಇದೆ. ಏನು ಮಾಡಲಿ?
ಯುವಕ, ವಿಜಯಪುರ

ಉತ್ತರ: ಭಯ ಇದೆ ಅಂತ ನೇರವಾಗಿ ಹೇಳಿದ್ದೀರಿ, ಅದಕ್ಕೆ ನಾನೂ ನೇರವಾಗಿ ಬರೆಯುತ್ತೇನೆ. ನಿಮ್ಮ ಭಯ ಸುಳ್ಳಲ್ಲ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಕೊಂದರು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಮನೆ ಮುಂದೆ ಕೊಂದರು. ಇಬ್ಬರ ಕೈಯಲ್ಲೂ ಇದ್ದದ್ದು ಪೆನ್ನು. ಅವರ ಎಲ್ಲ ಮಾತನ್ನೂ ಒಪ್ಪಬೇಕು ಅಂತಿಲ್ಲ. ಒಪ್ಪದವರು ಬರೆದು ಉತ್ತರ ಕೊಡಬಹುದಿತ್ತು. ನಮ್ಮ ನಾಡಿನಲ್ಲಿ ಹೀಗಾಯಿತಲ್ಲ ಅನ್ನೋ ಸಂಕಟ ನನಗಿನ್ನೂ ಆರಿಲ್ಲ. ಹಾಗಾಗಿ "ಧೈರ್ಯವಾಗಿ ಬರಿ, ಏನೂ ಆಗಲ್ಲ" ಅಂತ ಇಲ್ಲಿ ಕುರ್ಚಿ ಮೇಲೆ ಕೂತು ನಿಮಗೆ ಹೇಳಲಾರೆ.

ಆದರೆ ಕಾನೂನು ನಿಮ್ಮ ಪಕ್ಕ ಎಲ್ಲಿಯವರೆಗೆ ನಿಲ್ಲುತ್ತೆ ಅನ್ನೋದು ನಿಮಗೆ ಗೊತ್ತಿರಬೇಕು. ಅಭಿಪ್ರಾಯ ಹೇಳುವ ಹಕ್ಕು ಸಂವಿಧಾನದ 19(1)(ಎ) ವಿಧಿಯಲ್ಲಿದೆ, ಅದರ ಮಿತಿ 19(2)ರಲ್ಲಿದೆ. "ಕಿರಿಕಿರಿ ಆಯಿತು" ಅನ್ನೋ ಕಾರಣಕ್ಕೂ ಜೈಲಿಗೆ ಹಾಕಬಹುದಾಗಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. ಮಾನಹಾನಿ ಮಾತ್ರ ಈಗಲೂ ಅಪರಾಧವೇ, ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಹಾಗಾಗಿ "ಅವನು ಕಳ್ಳ" ಅಂತ ಬರೆಯೋದು ಬೇರೆ, "ಈ ಕಾಮಗಾರಿಗೆ ಇಷ್ಟು ಹಣ ಬಿಡುಗಡೆ ಆಗಿದೆ, ಸ್ಥಳದಲ್ಲಿ ಇಷ್ಟೇ ಕೆಲಸ ಆಗಿದೆ, ದಾಖಲೆ ಇಲ್ಲಿದೆ" ಅಂತ ಬರೆಯೋದು ಬೇರೆ. ಎರಡನೆಯದಕ್ಕೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಸಾಕು. ಯಾಕೆ ಬೇಕು ಅಂತ ಅವರು ನಿಮ್ಮನ್ನು ಕೇಳುವ ಹಾಗಿಲ್ಲ, 30 ದಿನದೊಳಗೆ ಉತ್ತರ ಕೊಡಬೇಕು. ಬೆದರಿಕೆ ಬಂದರೆ ಅಳಿಸಬೇಡಿ, ತಾರೀಖಿನ ಸಮೇತ ಉಳಿಸಿಕೊಳ್ಳಿ, ಮನೆಯವರಿಗೆ ತೋರಿಸಿ, ಪೊಲೀಸರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಒಬ್ಬರೇ ಇರಬೇಡಿ. ಇದೇ ವಿಷಯದ ಬಗ್ಗೆ ನಿಮ್ಮ ಹಾಗೇ ಯೋಚಿಸುವ ಇನ್ನೂ ನಾಲ್ಕು ಜನ ಸಹಿ ಹಾಕಿದರೆ ಪತ್ರದ ತೂಕವೂ ಹೆಚ್ಚು, ಭಾರವೂ ಹಂಚಿಹೋಗುತ್ತದೆ.

ಇನ್ನು ಬೈಗುಳದ ವಿಷಯ. ನೀವು ಕಳಿಸಿದ ಹನ್ನೊಂದು ಪ್ರತಿಕ್ರಿಯೆಗಳನ್ನೂ ಓದಿದೆ. ಹತ್ತು ಬರೀ ಹೊಲಸು. ಒಂದು ಹಾಗಲ್ಲ. ಆತ ಕೆಟ್ಟ ಮಾತಿನಲ್ಲೇ ಹೇಳಿದ್ದಾನೆ, ಆದರೆ "ನೀರಿನ ಟ್ಯಾಂಕ್ ಆ ವಾರ್ಡಿನದಲ್ಲ, ಪಕ್ಕದ್ದು" ಅಂತ ಹೇಳಿದ್ದಾನೆ. ಅದು ನಿಜವಾ ಅಂತ ನೋಡಿದಿರಾ? ನಿಜವಾಗಿದ್ದರೆ ಮುಂದಿನ ಸಲ ಬರೆಯುವಾಗ ಮೊದಲ ಸಾಲಿನಲ್ಲೇ ತಿದ್ದಿಕೊಳ್ಳಿ. ಅಭಿಪ್ರಾಯವನ್ನು ನಾಲ್ಕು ಜನರ ಮುಂದಿಡೋದು ಎಲ್ಲರೂ ಹೌದಪ್ಪ ಅನ್ನಲಿ ಅಂತಲ್ಲ. ನನಗೆ ಕಾಣದೇ ಹೋದದ್ದು ಇನ್ನೊಬ್ಬರಿಗೆ ಕಂಡಿರುತ್ತದೆ, ಅವರು ಹೇಳಲಿ ಅಂತ. ಹೂವಿನ ಅಮ್ಮ ನನ್ನನ್ನು ಹೊಗಳಿ ಕಳಿಸಿದ್ದರೆ ನಾನು ಎರಡನೇ ಪತ್ರ ಬರೆಯುತ್ತಲೇ ಇರಲಿಲ್ಲ.

ಪ್ರಶ್ನೆ: ಹಿಂದಿನ ಸಂಚಿಕೆಯಲ್ಲಿ ನೀವು "ಪೋಸ್ಟ್‌ಕಾರ್ಡಿನ ಕಾಲ ಮುಗಿಯಿತು, ಫೋನಿನಲ್ಲೇ ಕಳಿಸಿ" ಎಂದು ಬರೆದಿರಿ. ನನಗೆ 81 ವರ್ಷ. ಕಾರ್ಡಿಗೆ ಇಂದಿಗೂ ಐವತ್ತೇ ಪೈಸೆ. ಫೋನಿನ ಅಕ್ಷರ ನನಗೆ ಕಾಣುವುದಿಲ್ಲ. ನನ್ನಂಥವರು ಬರೆಯುವುದು ನಿಲ್ಲಿಸಬೇಕೇ?
ಓದುಗರು, ಉಡುಪಿ

ಉತ್ತರ: ಇಲ್ಲ ಅಜ್ಜ. ನಾನು ಬರೆದದ್ದು ತಪ್ಪು. ಎಲ್ಲರ ಕಣ್ಣೂ ಎಲ್ಲರ ಕೈಯೂ ನನ್ನ ಹಾಗೇ ಇದೆ ಅಂದುಕೊಂಡು ಬರೆದುಬಿಟ್ಟೆ. ಆ ಸಾಲನ್ನು ವಾಪಸ್ ತೆಗೆದುಕೊಂಡಿದ್ದೇನೆ. ಈ ತಿಂಗಳಿಂದ ಪುಟದ ಕೆಳಗೆ ಅಂಚೆ ವಿಳಾಸವನ್ನು ಮತ್ತೆ ಹಾಕುತ್ತಿದ್ದೇವೆ, ದಪ್ಪ ಅಕ್ಷರದಲ್ಲಿ.

ನಿಮ್ಮ ಕಾರ್ಡ್ ನನ್ನ ಮೇಜಿನ ಮೇಲೇ ಇದೆ. ಬರೆದು ಬರೆದು ಜಾಗ ಸಾಲದೆ, ಕೊನೆಯ ಸಾಲನ್ನು ವಿಳಾಸದ ಪಕ್ಕ ಅಡ್ಡಕ್ಕೆ ತಿರುಗಿಸಿ ಬರೆದಿದ್ದೀರಿ. ಅದರ ಮೇಲೇ ಅಂಚೆಯ ಮುದ್ರೆ ಬಿದ್ದಿದೆ. "ನಮ್ಮ ಓಣಿಯ ಬಾವಿಗೆ" ಅನ್ನುವವರೆಗೆ ಓದೋಕೆ ಆಗುತ್ತೆ, ಆಮೇಲಿಂದು ಕಪ್ಪಾಗಿದೆ. ಬಾವಿಗೆ ಏನಾಯಿತು ಅಜ್ಜ? ಇನ್ನೊಂದು ಕಾರ್ಡಿನಲ್ಲಿ ಬರೆದು ಕಳಿಸಿ.